ಬೆನ್ನು ನೋಡುವ ಕನ್ನಡಿ

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಒಪ್ಪಿದೆ.
ನಮ್ಮ ಹುಣ್ಣು ಏಳುವುದು ಅಲ್ಲಲ್ಲ.
ಕೂತ ಕಡೆ, ಮಲಗಿದ ಕಡೆ,
ಗೊತ್ತೇ ಆಗದ ಕಡೆ.

ಹನ್ನೊಂದನೇ ದಿನ ನನ್ನ ಮಂಚದ ಹತ್ತಿರ
ಗಾಲಿಕುರ್ಚಿ ಉರುಳಿಸಿಕೊಂಡು ಒಬ್ಬಳು ಬಂದಳು.
ಬಾಯಲ್ಲಿ ಪಾನು, ಮಡಿಲಲ್ಲಿ
ಗುಲಾಬಿ ಹಿಡಿಯ ಪ್ಲಾಸ್ಟಿಕ್ ಕನ್ನಡಿ.
"ನಾನು ಕೊಹಿನೂರ್. ಡಾಕ್ಟರಲ್ಲ, ನರ್ಸಲ್ಲ.
ಭತ್ತದ ಮೂಟೆ ಹೊತ್ತು ಕಾಲುಜಾರಿ ಬಿದ್ದವಳು,
ಒಂಬತ್ತು ವರ್ಷವಾಯಿತು. ನಿನ್ನದೇನು?"

ನನ್ನದು ಓಡ್ನಾ.
ಗಾಜಿಪುರದಲ್ಲಿ ಶರ್ಟಿನ ಕಾಲರು ಹೊಲಿದು
ರಾತ್ರಿಪಾಳಿ ಮುಗಿಸಿ ಬ್ಯಾಟರಿ ರಿಕ್ಷಾ ಹತ್ತಿದ್ದೆ.
ಗಾಳಿಗೆ ಹಾರಿದ ತುದಿ ಗಾಲಿಯ ಅಚ್ಚಿಗೆ ಸುತ್ತಿಕೊಂಡಿತು.
ಮುಂದಿನದು ಪಕ್ಕ ಕೂತಿದ್ದವಳನ್ನು ಕೇಳಬೇಕು.
ಮರ್ಯಾದೆಗೆಂದು ಅಮ್ಮ ಹೊದಿಸಿದ ಬಟ್ಟೆ
ಕತ್ತು ಹಿಡಿದು ಎಳೆಯಿತು. ನನಗೆ ಗೊತ್ತಿರುವುದು ಅಷ್ಟೆ.

ಡಾಕ್ಟರು "ಕುತ್ತಿಗೆಯ ಆರನೆಯದು" ಅಂದರು,
ಬಸ್ ನಂಬರು ಹೇಳಿದ ಹಾಗೆ.
ಗಂಡ ಮೊದಲ ಸಲ ಕಿತ್ತಳೆ ತಂದ.
ಎರಡನೇ ಸಲ ಬರಿಗೈ.
ಮೂರನೇ ಸಲ ಫೋನು.
ಬೆನ್ನಿಗೆ ನಿಲ್ಲುತ್ತೇವೆ ಅಂದವರೆಲ್ಲ
ಬೆನ್ನು ತೋರಿಸಿ ಹೋದರು.
ಕಾಲಿತ್ತು, ಹೋದರು.

ಕೊಹಿನೂರ್ ಆಯಾಳ ಕೈಲಿ ನನ್ನನ್ನು ಮಗ್ಗುಲಾಗಿಸಿ
ಹಿಂದಿನಿಂದ ಕನ್ನಡಿ ಹಿಡಿದಳು.
"ನೋಡು ಮರ್ಜಿನಾ, ಇದೂ ನೀನೇ."
ಬಾಲದೆಲುಬಿನ ಮೇಲೊಂದು ಕೆಂಪು,
ಸುಲಿದ ಲಿಚಿಯ ಸಿಪ್ಪೆಯಷ್ಟು.
ಇಪ್ಪತ್ತಮೂರು ವರ್ಷ ಹೊತ್ತು ತಿರುಗಿದ ಬೆನ್ನನ್ನು
ಮೊದಲ ಸಲ ಕಂಡೆ,
ಅದು ನನ್ನನ್ನು ಮರೆತ ಮೇಲೆ.

ನನ್ನ ಬೆರಳು ಮಡಚುವುದಿಲ್ಲ.
ಕನ್ನಡಿಯ ಹಿಡಿಗೆ ಅಂಗೈ ಸೇರಿಸಿ ಕಟ್ಟಲು
ಅವಳು ಒಂದು ಓಡ್ನಾ ಹರಿದಳು.
(ಆ ಓಡ್ನಾ ಅಲ್ಲ. ಅದನ್ನು ಕತ್ತರಿ ಹಾಕಿ ತೆಗೆದರಂತೆ,
ಎಲ್ಲಿ ಎಸೆದರೋ.)

ಯಾರನ್ನೂ ಕೇಳಲಾಗದ್ದನ್ನು ಅವಳನ್ನು ಕೇಳಿದೆ.
ಮುಟ್ಟು ನಿಂತೇಹೋಯಿತಾ?
"ಬರುತ್ತದೆ. ಹೆದರಿ ಎಲ್ಲೋ ಅವಿತಿದೆ."
ನೆಂಟರ ಮುಂದೆ ಬಟ್ಟೆ ಒದ್ದೆಯಾದರೆ?
"ಚಹಾ ಚೆಲ್ಲಿತು ಅನ್ನು. ನಾನು ಚೆಲ್ಲಿದ ಚಹಾದಲ್ಲಿ
ಒಂದು ಹೋಟೆಲು ನಡೆಸಬಹುದಿತ್ತು."
ಮತ್ತೆ... ಗಂಡಸು?
ಪಾನು ಉಗಿದು ಬಂದಳು. ಪರದೆ ಎಳೆದಳು.
ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.
ಆ ರಾತ್ರಿ ನಿದ್ದೆ ಬಂತು.

ಮಧ್ಯಾಹ್ನ ಹಲಸಿನ ಮರದಡಿ ಏಳು ಕುರ್ಚಿ.
ಕಾಲುಗಂಟೆಗೊಮ್ಮೆ ಯಾರೋ ಕೂಗಬೇಕು: "ಏಳೀ!"
ತೋಳಿದ್ದವರು ತೋಳೂರಿ ತಮ್ಮನ್ನೇ ಎತ್ತಿಕೊಳ್ಳುತ್ತಾರೆ,
ನಾನು ಪಕ್ಕಕ್ಕೆ ವಾಲುತ್ತೇನೆ.
ದಾರಿಹೋಕರು ನೋಡುತ್ತಾರೆ:
ಏಳಲಾಗದವರಿಗೆ ಏಳಿ ಅನ್ನುವುದು
ಎಂಥ ಕುಚೋದ್ಯ!
ನಮಗೆ ಅದೇ ಅಜಾನಿನಷ್ಟು ಖಚಿತ.

ಶ್ರಾವಣದ ಒಂದು ಸಂಜೆ ಅವಳ ಮೈ ಬಿಸಿ.
ಹತ್ತಿರ ಬಂದರೆ ಒಂದು ವಾಸನೆ, ನಮಗಷ್ಟೇ ಗೊತ್ತಾಗುವಂಥದು.
"ತಿರುಗು ಆಪಾ," ಅಂದೆ.
"ನನಗಾ? ನಾನು ಕಲಿಸುವವಳು ಕಣೇ."
"ತಿರುಗು."

ಒಂದು ಟಾಕಾ ನಾಣ್ಯದಷ್ಟು. ಅಂಚು ಕಪ್ಪು.
ಊರಿನ ಬೆನ್ನೆಲ್ಲ ನೋಡಿದವಳ ಬೆನ್ನನ್ನು
ನೋಡುವವರು ಇರಲಿಲ್ಲ.
"ದೊಡ್ಡದಾ?" ಚಿಕ್ಕ ಮಗುವಿನ ದನಿ.
ಇದರಲ್ಲಿ ಸುಳ್ಳು ಕೂಡದೆಂದು ಅವಳೇ ಕಲಿಸಿದ್ದು.
"ಹೂಂ. ದೊಡ್ಡದು."

ಈಗ ಹತ್ತೊಂಬತ್ತು ದಿನದಿಂದ ಬೋರಲು ಮಲಗಿದ್ದಾಳೆ,
ನನ್ನ ಪಕ್ಕದ ಮಂಚದಲ್ಲಿ.
ನೀರು ಬೇಳೆಸಾರನ್ನು ಬಯ್ಯುತ್ತಾಳೆ,
ತನ್ನ ಗಂಡನ ಎರಡನೇ ಹೆಂಡತಿಯನ್ನು ಬಯ್ಯುವುದಿಲ್ಲ,
"ಪಾಪ, ಮೂಟೆ ಈಗ ಅವಳ ತಲೆ ಮೇಲೆ" ಅನ್ನುತ್ತಾಳೆ.
ಹೊರಗೆ ಮರದಡಿ "ಏಳೀ!" ಕೇಳಿದರೆ
ಇಬ್ಬರೂ ಇದ್ದಲ್ಲೇ ಸ್ವಲ್ಪ ಸರಿಯುತ್ತೇವೆ.

ಬೆಳಿಗ್ಗೆ ಬ್ಯಾಂಡೇಜು ಬಿಚ್ಚುವಾಗ ಕೇಳಿದಳು,
"ಇವತ್ತು ಹೇಗಿದೆ? ನನಗೂ ತೋರಿಸು."
ಕೈಗೆ ಕಟ್ಟಿದ ಕನ್ನಡಿ ಎತ್ತಿದೆ. ನಡುಗಿತು.
ಮೊದಲು ಕಿಟಕಿ ಬಂತು,
ಆಮೇಲೆ ಹಲಸಿನ ಕೊಂಬೆ,
ಆಮೇಲೆ ನನ್ನ ಮೂಗು.
"ಏ ಹುಡುಗಿ, ಇನ್ನೂ ಕೆಳಗೆ,
ನನ್ನ ಬೆನ್ನು ಅಷ್ಟು ಚೆಂದ ಇಲ್ಲ."